ತೆಗೆದು 26 ದಿನವಾದ ನಾಯಿ ರಕ್ತ: ಪ್ಲಾಸ್ಮಾ ನಸುಗೆಂಪಾಗಿದೆ, ಹಾಕಬಹುದೇ?

ಪ್ರಶ್ನೆ:
22 ಕೆಜಿ ಲ್ಯಾಬ್ರಡಾರ್, ಬೆಬೀಸಿಯಾ (ಕೆಂಪುಕಣ ಒಡೆಯುವ ಪರಾವಲಂಬಿಯ ಸೋಂಕು), ಪಿಸಿವಿ (ರಕ್ತದಲ್ಲಿ ಕೆಂಪುಕಣದ ಶೇಕಡಾ ಪಾಲು) 12. ಕ್ರಾಸ್‌ಮ್ಯಾಚ್ (ದಾನಿಯ ರಕ್ತ ಹೊಂದುತ್ತದೆಯೇ ಎಂಬ ಪರೀಕ್ಷೆ) ಹೊಂದಿದೆ. ಇರುವುದು ಒಂದೇ ಬ್ಯಾಗ್: ಸಿಪಿಡಿಎ-1 (ರಕ್ತ ಕೆಡದಂತೆ, ಹೆಪ್ಪುಗಟ್ಟದಂತೆ ಇಡುವ ದ್ರಾವಣ) ಸೇರಿದ ಹೋಲ್ ಬ್ಲಡ್ (ಬೇರ್ಪಡಿಸದ ಪೂರ್ಣ ರಕ್ತ), 450 ಎಂಎಲ್, ತೆಗೆದು 26 ದಿನ. ಮೇಲೆ ನಿಂತ ಪ್ಲಾಸ್ಮಾ ನಸುಗೆಂಪು. ಪೊಟ್ಯಾಸಿಯಂ ಏರಿ ಹೃದಯಕ್ಕೆ ತೊಂದರೆಯಾದೀತೇ?

ಉತ್ತರ 1:
ಪೊಟ್ಯಾಸಿಯಂ ಭಯ ಮನುಷ್ಯರ ರಕ್ತದ ಪಾಠದಿಂದ ಬಂದದ್ದು ಸರ್. ಬಹುತೇಕ ನಾಯಿಗಳ ಬಲಿತ ಕೆಂಪುಕಣದಲ್ಲಿ ಸೋಡಿಯಂ-ಪೊಟ್ಯಾಸಿಯಂ ಪಂಪ್ ಇರುವುದಿಲ್ಲ. ಕಣದೊಳಗೇ ಪೊಟ್ಯಾಸಿಯಂ ಕಡಿಮೆ, ಸೋರುವುದೇನು ಬಂತು? ಅಕಿಟಾ, ಶಿಬಾ ತಳಿಗಳ ಕೆಲವು ನಾಯಿಗಳು ಮಾತ್ರ ಇದಕ್ಕೆ ಹೊರತು. ದಾನಿ ಯಾವ ತಳಿ ಎಂದು ಲೇಬಲ್ ನೋಡಿ.

ಕೆಡುವುದು ಬೇರೆ ಕಡೆ. ಫ್ರಿಜ್ಜಿನಲ್ಲೂ ಕಣ ಗ್ಲೂಕೋಸ್ ಖರ್ಚು ಮಾಡುತ್ತಲೇ ಇರುತ್ತದೆ. ಲ್ಯಾಕ್ಟೇಟ್ ಕೂಡಿ ಪಿಎಚ್ ಇಳಿಯುತ್ತದೆ, 2,3-ಡಿಪಿಜಿ (ಆಮ್ಲಜನಕ ಬಿಡಿಸಲು ನೆರವಾಗುವ ಕಣದೊಳಗಿನ ವಸ್ತು) ಮತ್ತು ಎಟಿಪಿ (ಕಣದ ಶಕ್ತಿಯ ಮೂಲ) ಕುಸಿಯುತ್ತವೆ. ಡಿಪಿಜಿ ಕಡಿಮೆಯಾದರೆ ಹಿಮೋಗ್ಲೋಬಿನ್ ಆಮ್ಲಜನಕವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ದೇಹಕ್ಕೆ ಹೋದ ಮೇಲೆ ಅದು ಮರಳುತ್ತದೆ, ಆದರೆ ನಿಧಾನವಾಗಿ. ಪಿಸಿವಿ 12ರ ನಾಯಿಗೆ ಮೊದಲ ಗಂಟೆಗಳೇ ಮುಖ್ಯ. ಎಟಿಪಿ ತಗ್ಗಿದ ಕಣ ಮುಳ್ಳುಮುಳ್ಳಾಗಿ, ಗಡುಸಾಗಿ, ಗುಲ್ಮದಲ್ಲಿ (ಸ್ಪ್ಲೀನ್) ಸಿಕ್ಕಿ ನಾಶವಾಗುತ್ತದೆ.

ಉತ್ತರ 2:
ನಸುಗೆಂಪು ಎಷ್ಟು ಎಂದು ಅಳೆಯಿರಿ, ಕಣ್ಣಂದಾಜು ಬೇಡ. ಸೆಗ್ಮೆಂಟ್ ಟ್ಯೂಬಿನ (ಬ್ಯಾಗಿಗೆ ಅಂಟಿದ, ಅದೇ ರಕ್ತ ತುಂಬಿ ಸೀಲ್ ಮಾಡಿದ ಕೊಳವೆ) ನಡುಭಾಗದ ರಕ್ತ ತೆಗೆದುಕೊಳ್ಳಿ. ಸೀಲ್ ಮಾಡಿದ ತುದಿಯಲ್ಲಿ ಬಿಸಿಗೇ ಒಂದಿಷ್ಟು ಕಣ ಒಡೆದಿರುತ್ತದೆ. ಹಿಮೋಲಿಸಿಸ್ (ಕೆಂಪುಕಣ ಒಡೆಯುವಿಕೆ) ಶೇಕಡಾ ಎಷ್ಟು ಎಂಬ ಲೆಕ್ಕ ಹೀಗೆ: 100ರಿಂದ ಬ್ಯಾಗಿನ ಪಿಸಿವಿ ಕಳೆದು, ಪ್ಲಾಸ್ಮಾದ ಹಿಮೋಗ್ಲೋಬಿನ್‌ನಿಂದ ಗುಣಿಸಿ, ಒಟ್ಟು ಹಿಮೋಗ್ಲೋಬಿನ್‌ನಿಂದ ಭಾಗಿಸಿ. ಪಿಸಿವಿ 40, ಡೆಸಿಲೀಟರಿಗೆ ಪ್ಲಾಸ್ಮಾದಲ್ಲಿ 0.15 ಗ್ರಾಂ, ಒಟ್ಟು 13 ಗ್ರಾಂ ಹಿಮೋಗ್ಲೋಬಿನ್ ಇದ್ದರೆ ಸುಮಾರು 0.7%. 1% ದಾಟಿದರೆ ಹಾಕಬೇಡಿ. ಸೆಗ್ಮೆಂಟ್ ಕೆಂಪಗಿದ್ದು ಬ್ಯಾಗ್ ಮಾತ್ರ ಕಪ್ಪು-ಕಂದಾಗಿದ್ದರೆ ಬ್ಯಾಕ್ಟೀರಿಯಾ ಬೆಳೆದಿರಬಹುದು, ಅಳತೆಯೂ ಬೇಡ, ಎಸೆಯಿರಿ. ಕರೆಂಟ್ ಹೋಗಿ ಫ್ರಿಜ್ 6 ಡಿಗ್ರಿ ದಾಟಿತ್ತೇ ಎಂಬುದನ್ನೂ ದಾಖಲೆಯಲ್ಲಿ ನೋಡಿ.

ಉತ್ತರ 3:
ಬೆಬೀಸಿಯಾದಲ್ಲಿ ನಾಯಿಯ ರಕ್ತದಲ್ಲೇ ಒಡೆದ ಹಿಮೋಗ್ಲೋಬಿನ್ ತುಂಬಿರುತ್ತದೆ, ಹಳೆಯ ಬ್ಯಾಗ್ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ದಾನಿ ಸಿಕ್ಕರೆ ತಾಜಾ ರಕ್ತವೇ ಒಳ್ಳೆಯದು. ಸಿಗದಿದ್ದರೆ, ಹಿಮೋಲಿಸಿಸ್ ಮಿತಿಯೊಳಗಿದ್ದರೆ, ಕಾಯುತ್ತ ಕೂರಬೇಡಿ. ಈ ಹಳೆಯ ಬ್ಯಾಗಿನಿಂದ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಸಿಗುತ್ತದೆಂದು ಮಾತ್ರ ನಂಬಬೇಡಿ.

ಕೆಜಿಗೆ 2 ಎಂಎಲ್ ಹೋಲ್ ಬ್ಲಡ್ ಕೊಟ್ಟರೆ ಪಿಸಿವಿ ಸುಮಾರು 1 ಏರುತ್ತದೆ; 20ಕ್ಕೆ ತರಲು ನಿಮಗೆ 350 ಎಂಎಲ್ ಬೇಕು. ಫಿಲ್ಟರ್ ಇರುವ ಬ್ಲಡ್ ಸೆಟ್ ಬಳಸಿ. ಮೊದಲ ಅರ್ಧ ಗಂಟೆ, ಗಂಟೆಗೆ 11ರಿಂದ 22 ಎಂಎಲ್ ವೇಗ ಸಾಕು. ಒಟ್ಟು 4 ಗಂಟೆಯೊಳಗೆ ಮುಗಿಸಿ. ಬ್ಯಾಗನ್ನು ಬಿಸಿನೀರಿಗೆ ಹಾಕಬೇಡಿ, ಒತ್ತಿ ಹಿಂಡಲೂಬೇಡಿ, ಹಳೆಯ ಕಣ ಅಷ್ಟಕ್ಕೇ ಒಡೆಯುತ್ತದೆ. ಅದೇ ಲೈನಿನಲ್ಲಿ ರಿಂಗರ್ ಲ್ಯಾಕ್ಟೇಟ್ ಬೇಡ. ಅದರ ಕ್ಯಾಲ್ಸಿಯಂನಿಂದ ರಕ್ತ ಹೆಪ್ಪುಗಟ್ಟಬಹುದು.

ಶುರು ಮಾಡುವ ಮೊದಲೇ ನಾಯಿಯ ರಕ್ತವನ್ನು ಒಂದು ಕ್ಯಾಪಿಲರಿಯಲ್ಲಿ (ಸಣ್ಣ ಗಾಜಿನ ಕೊಳವೆ) ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೂತ್ರವನ್ನೂ ಹಿಡಿದು ಇಟ್ಟುಕೊಳ್ಳಿ. ನಡುವೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದು ಬೆಬೀಸಿಯಾದ್ದೋ ಬ್ಯಾಗಿನದ್ದೋ ಎಂದು ಹೋಲಿಸಿ ನೋಡಲು ಬೇರೆ ದಾರಿ ಇರುವುದಿಲ್ಲ.