ಸಹಾಯ ಬೇಕು: ಅರ್ಧ ಮನೆಯಾದ ಹಳೇ ಸ್ಕೂಲ್ ಬಸ್ ತಗೊಳ್ಳಲಾ, ಬಿಡಲಾ?

ಸ್ನೇಹಿತರೇ, ಒಂದು ಹಳೇ ಸ್ಕೂಲ್ ಬಸ್ ನೋಡಿ ಬಂದೆ. ಸೀಟು ಕಿತ್ತು, ಪ್ಲೈವುಡ್ ನೆಲ ಹಾಕಿ, ಮಂಚದ ಚೌಕಟ್ಟು ನಿಲ್ಲಿಸಿ ಅಲ್ಲಿಗೇ ಕೈಬಿಟ್ಟಿದ್ದಾರೆ. ನನಗೆ ಭಯ ಆ ಹೊಸ ನೆಲದ್ದೇ. ಹಿಂದಿನ ಚಕ್ರದ ಹತ್ತಿರ ಅಂಚು ಎತ್ತಿ ನೋಡಿದರೆ ತುಕ್ಕು ಪದರ ಪದರವಾಗಿ ಕೈಗೆ ಬಂತು. ಸೀಟಿನ ಬೋಲ್ಟ್ ತೂತುಗಳನ್ನೂ ಮುಚ್ಚಿಲ್ಲ, ನೀರು ಅಲ್ಲಿಂದಲೇ ಏರಿರಬೇಕು. ನೆಲ ಪೂರ್ತಿ ಬಿಚ್ಚಿಸದೆ ಚಾಸಿಯ (ಬಸ್ಸನ್ನು ಹೊರುವ ಅಡಿಯ ಕಬ್ಬಿಣದ ಚೌಕಟ್ಟಿನ) ಗತಿ ಗೊತ್ತಾಗುತ್ತಾ?

ಇನ್ನೊಂದು, ನಾನು ಹೋಗುವಷ್ಟರಲ್ಲಿ ಎಂಜಿನ್ ಆಗಲೇ ಬಿಸಿಯಾಗಿತ್ತು. ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಸತಾಯಿಸುತ್ತೇನೋ ಅಂತ ಅನುಮಾನ. ವೈರಿಂಗ್ ಬಿಡಿ, ಹೇಗಿದ್ದರೂ ಕಿತ್ತು ಹಾಕುವುದೇ. ದಾಖಲೆಯಲ್ಲಿ ಇನ್ನೂ ಶಾಲಾ ವಾಹನ ಅಂತಲೇ ಇದೆ, ವಿಮೆಗೆ ತೊಂದರೆ ಆಗಲ್ವಾ?

ಬಸ್ಸು ಮಾತ್ರ ಮನಸ್ಸಿಗೆ ಹಿಡಿಸಿಬಿಟ್ಟಿದೆ, ಅದೇ ಕಷ್ಟ! ಇಂಥದ್ದನ್ನು ಕೊಂಡವರು ಇದ್ದರೆ, ಮೆಕ್ಯಾನಿಕ್ ಹತ್ತಿರ ಮೊದಲು ಏನು ನೋಡಿಸಿದಿರಿ ಹೇಳಿ.