ಅಪ್‌ಡೇಟ್: ತಮ್ಮನ ಸೆಕ್ಯೂರಿಟಿ ಗಾರ್ಡ್ ಕೆಲಸ

ತಮ್ಮ ಸೆಕ್ಯೂರಿಟಿ ಗಾರ್ಡ್ ಆಗಬೇಕು, ಅವನ ಹೆಸರಲ್ಲಿ ಲೈಸೆನ್ಸ್ ಮಾಡಿಸಬೇಕಾ ಅಂತ ಕೇಳಿದ್ದೆ ಅಲ್ವಾ? ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಬೇಕಿಲ್ಲ. ಖಾಸಗಿ ಸೆಕ್ಯೂರಿಟಿ ಏಜೆನ್ಸಿಗಳ 2005ರ ಕಾಯ್ದೆ ಪ್ರಕಾರ ಲೈಸೆನ್ಸ್ ಇರಬೇಕಾದ್ದು ಏಜೆನ್ಸಿಗೆ, ಅಂದರೆ ಗಾರ್ಡ್‌ಗಳನ್ನು ಕೆಲಸಕ್ಕೆ ಕಳಿಸುವ ಕಂಪನಿಗೆ. ಗಾರ್ಡ್‌ಗೆ 18 ತುಂಬಿರಬೇಕು, ಪೊಲೀಸ್ ವೆರಿಫಿಕೇಶನ್ ಆಗಬೇಕು, ತರಬೇತಿ ಮುಗಿಸಬೇಕು. ತರಗತಿಯಲ್ಲಿ 100 ಗಂಟೆ, ಫೀಲ್ಡ್‌ನಲ್ಲಿ 60 ಗಂಟೆ. ಮಾಜಿ ಸೈನಿಕರಿಗೆ ಇದಕ್ಕಿಂತ ಕಡಿಮೆ.

ತಮ್ಮ ಈಗ ತರಬೇತಿಯಲ್ಲಿದ್ದಾನೆ. ಮೊನ್ನೆ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಕೊಟ್ಟಿದ್ದರಂತೆ. ಪಿನ್ ಎಳೆದು, ಜ್ವಾಲೆಗಲ್ಲ, ಬೆಂಕಿಯ ಬುಡಕ್ಕೆ ಹಿಡಿಯಬೇಕು ಅಂತ ಮನೆಯಲ್ಲಿ ಎಲ್ಲರಿಗೂ ತೋರಿಸಿದ. ನನಗಂತೂ ತುಂಬಾ ಖುಷಿಯಾಯಿತು.

ನೀವೂ ಸೇರುವವರಿದ್ದರೆ ಮೊದಲು ಏಜೆನ್ಸಿಯ ಲೈಸೆನ್ಸ್ ನೋಡಿ. ಅದನ್ನು ಆಫೀಸಿನಲ್ಲಿ ಎದ್ದು ಕಾಣುವ ಹಾಗೆ ಹಾಕಿರಲೇಬೇಕು. ‘ಗಾರ್ಡ್ ಲೈಸೆನ್ಸ್’ ಅಂತ ಯಾರಾದರೂ ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ.