ವಿದೇಶಿ ನೆಂಟರಿಗೆ ಮೈಸೂರಿನ ದಿನನಿತ್ಯದ ಬದುಕು ತೋರಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಕುವೆಂಪುನಗರದಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಮಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ಅವನ ಆಫೀಸಿನವರೊಬ್ಬರು ಹೆಂಡತಿ ಸಮೇತ ಜನವರಿ ಮೊದಲ ವಾರ ಬಂದು, ಸಂಕ್ರಾಂತಿ ಮುಗಿಸಿಕೊಂಡು ಹೋಗುತ್ತಾರೆ. ಉಳಿಯುವುದು ನಮ್ಮ ಮನೆಯಲ್ಲೇ. ಅರಮನೆ, ಝೂ, ಬೆಟ್ಟ ಹೇಗೂ ಆಗುತ್ತೆ. ಆದರೆ ಅವರು ಕೇಳಿರುವುದು ಬೇರೆ: ನೀವು ದಿನಾ ಹೇಗಿರ್ತೀರೋ ಅದನ್ನ ನೋಡಬೇಕು ಅಂತ. ದಿನಾ ಇರೋದರಲ್ಲಿ ತೋರಿಸುವಂಥದ್ದು ಏನಿದೆ ಅನ್ನೋದೇ ನನಗೆ ಹೊಳೆಯುತ್ತಿಲ್ಲ. ಮನೆಯಲ್ಲಿ ಅತ್ತೆಯವರಿದ್ದಾರೆ, ವಯಸ್ಸಾಗಿದೆ, ಸ್ವಲ್ಪ ಮಡಿಯೂ ಇದೆ. ಮನೆ ದೊಡ್ಡದೇನಲ್ಲ. ಹೀಗೆ ಯಾರನ್ನಾದರೂ ಇರಿಸಿಕೊಂಡವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಸರಸ್ವತಿಪುರಂನಿಂದ

ಮೇಡಂ, ಅವರಿಗೋಸ್ಕರ ಹೊಸದೊಂದು ದಿನಚರಿ ಹಾಕಿಕೊಳ್ಳಬೇಡಿ. ನನಗೆ ಗೊತ್ತಿರುವುದರಲ್ಲಿ ಮುಖ್ಯವಾದದ್ದು ಇದೇ. ನಮ್ಮ ಅಕ್ಕನ ಹತ್ತಿರ ವೀಣೆ ಕಲಿಯಲು ಬರುವ ಹೊರದೇಶದವರು ವರ್ಷಗಳಿಂದ ನಮ್ಮ ಮನೆಯಲ್ಲೇ ಉಳಿದುಕೊಳ್ಳುತ್ತಾರೆ. ಸೋಫಾದ ಮೇಲೆ ಕೂರಿಸಿ ಉಪಚಾರ ಮಾಡುತ್ತಾ ಹೋದರೆ ಪಾಪ, ಎರಡೇ ದಿನಕ್ಕೆ ಸಂಕೋಚದಿಂದ ಮುದುಡಿಕೊಳ್ಳುತ್ತಾರೆ. ಕೈಗೊಂದು ಕೆಲಸ ಕೊಡಿ, ಮನೆಯವರೇ ಆಗಿಬಿಡುತ್ತಾರೆ.

ನಿಮ್ಮ ಅದೃಷ್ಟಕ್ಕೆ ಅವರು ಬರುತ್ತಿರುವುದು ಅವರೆಕಾಯಿ ಕಾಲದಲ್ಲಿ. ಸೊಗಡಿನ ಕಾಯಿ ತಂದು ಪೇಪರ್ ಹಾಸಿ ಮಧ್ಯೆ ಸುರಿಯಿರಿ, ಎಲ್ಲರೂ ಸುತ್ತ ಕೂತು ಬಿಡಿಸಿ. ರಾತ್ರಿ ಕಾಳು ನೆನೆಸಿ, ಬೆಳಿಗ್ಗೆ ಸಿಪ್ಪೆ ಹಿಚುಕುವುದನ್ನು ಅವರಿಗೇ ಬಿಡಿ. ಬೆರಳಿನಿಂದ ಬೇಳೆ ಚಿಮ್ಮಿ ಎಲ್ಲೋ ಹೋಗಿ ಬೀಳುತ್ತೆ, ಎಲ್ಲರೂ ನಗುತ್ತಾರೆ, ಆಮೇಲೆ ಮಾತು ತಾನಾಗಿ ಬರುತ್ತೆ. ಅವರ ಅಜ್ಜಿಯ ಊರು, ಅವರ ಕಡೆ ಕೃಷಿ, ಅವರಿಗೆ ಮಕ್ಕಳು ದೂರವಿರುವ ಬೇಸರ, ಇದೆಲ್ಲ ನಮ್ಮ ಮನೆಯಲ್ಲಿ ಹೊರಬಂದದ್ದು ಅವರೆಕಾಯಿ ಬಿಡಿಸುವಾಗಲೇ. ಊಟದ ಮೇಜಿನ ಮುಂದೆ ಕೂತಾಗ ಅವರು ನಮ್ಮ ಅಡುಗೆ ಹೊಗಳುತ್ತಾರೆ ಅಷ್ಟೆ.

ಸಂಕ್ರಾಂತಿ ಅಂದರೆ ಎಳ್ಳು ಬೆಲ್ಲದ ಕೆಲಸವೂ ಇದೆಯಲ್ಲ. ಕೊಬ್ಬರಿಯನ್ನು ಸಣ್ಣಗೆ ಹೆಚ್ಚಬೇಕು, ಅಚ್ಚು ಬೆಲ್ಲ ಕತ್ತರಿಸಬೇಕು, ಬಿಸಿಲಿಗೆ ಒಣಗಿಸಬೇಕು, ಹುರಿದ ಕಡಲೇಬೀಜದ ಸಿಪ್ಪೆ ತಿಕ್ಕಿ ಕೇರಬೇಕು. ಇದನ್ನು ನಿಮ್ಮ ಅತ್ತೆಯವರ ಯಜಮಾನಿಕೆಗೆ ಬಿಟ್ಟುಬಿಡಿ. ಹಿರಿಯರಿಗೆ ಇಂಗ್ಲಿಷ್ ಬರಲ್ಲ ಅಂತ ನಾವು ಅವರನ್ನು ಒಳಗೆ ಕೂರಿಸಿ, ನಡುವೆ ದುಭಾಷಿಗಳಾಗಿ ನಿಂತುಬಿಡುತ್ತೇವೆ. ಬಿಟ್ಟು ನೋಡಿ. ಕೊಬ್ಬರಿ ದಪ್ಪಗಾಯಿತು ಅನ್ನೋದನ್ನ ಹೇಳೋದಕ್ಕೆ ಕೈಸನ್ನೆ ಸಾಕು.

ಹೊರಗಡೆ ಹೋಗುವುದಾದರೆ ದೇವರಾಜ ಮಾರುಕಟ್ಟೆ. ಆದರೆ ನೋಡುವುದಕ್ಕಲ್ಲ, ಹಬ್ಬದ ಸಾಮಾನು ತರುವುದಕ್ಕೆ. ಚೀಟಿ ಬರೆದು, ಚಿಲ್ಲರೆ ನೋಟು ಕೈಗೆ ಕೊಟ್ಟು, ಎರಡು ಸಾಮಾನು ಅವರೇ ತರಲಿ ಅನ್ನಿ. ವೀಳ್ಯದೆಲೆ ಮತ್ತು ಹೂವು ಆದರೆ ಒಳ್ಳೆಯದು. ಮಲ್ಲಿಗೆ ಜನವರಿಯಲ್ಲಿ ಕಡಿಮೆ, ಸೇವಂತಿಗೆ, ಕಾಕಡ ಧಾರಾಳ. ಹೂವಿನವರು ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಹಾಕಿ ಅಳೆಯುವುದನ್ನು ಅವರು ಕಣ್ಣು ಬಿಟ್ಟು ನೋಡುತ್ತಾರೆ. ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಎಣಿಸುವುದನ್ನು ಹಿಂದಿನ ರಾತ್ರಿಯೇ ಕಲಿಸಿಡಿ. ಮಾರುಕಟ್ಟೆಯವರು ಅದಕ್ಕೇ ಖುಷಿಪಟ್ಟು ಇನ್ನೊಂದು ಗೇಣು ಹೂವು ಜಾಸ್ತಿ ಕೊಟ್ಟಿದ್ದೂ ಇದೆ.

ಹೋಗುವಾಗ ಕಾರು ಬೇಡ, ಸಿಟಿ ಬಸ್ ಹತ್ತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆಯಲ್ಲ, ನಿಮಗೆ ಗುರುತಿನ ಚೀಟಿ ತೋರಿಸಿದರೆ ಶೂನ್ಯ ಟಿಕೆಟ್, ನಿಮ್ಮ ಪಕ್ಕ ಕೂತ ಅವರಿಗೆ ದುಡ್ಡಿನ ಟಿಕೆಟ್. ಯಾಕೆ ಅಂತ ಕೇಳೇ ಕೇಳುತ್ತಾರೆ. ಬಸ್ಸಿನಲ್ಲಿ ಕೆಲಸಕ್ಕೆ ಹೊರಟ ಹೆಂಗಸರನ್ನು ತೋರಿಸಿ ಹೇಳಿ. ನಮ್ಮ ಸರ್ಕಾರ, ನಮ್ಮ ರಾಜಕೀಯ, ಹೆಣ್ಣುಮಕ್ಕಳ ದುಡಿಮೆ, ಎಲ್ಲದರ ಬಗ್ಗೆ ಮಾತಾಡೋದಕ್ಕೆ ಆ ಒಂದು ಟಿಕೆಟ್ ಸಾಕಾಗುತ್ತೆ.

ವಿಜಯನಗರ ಎರಡನೇ ಹಂತದಿಂದ

ಅಗತ್ಯವಾದ ಒಂದು ವಿಷಯ ಸೇರಿಸುತ್ತೇನೆ. ವಿದೇಶಿಯರು ಹೋಟೆಲಲ್ಲಿ ಇಳಿದರೂ ಸರಿ, ಮನೆಯಲ್ಲಿ ಉಳಿದರೂ ಸರಿ, ಅವರು ಬಂದ 24 ಗಂಟೆಯೊಳಗೆ ಆನ್‌ಲೈನಲ್ಲಿ ವಿದೇಶಿಯರ ನೋಂದಣಿ ಕಚೇರಿಗೆ ಮಾಹಿತಿ ಕೊಡಬೇಕು. ಜನ ಇದನ್ನು ಸಿ ಫಾರಂ ಅಂತಾರೆ. ಪಾಸ್‌ಪೋರ್ಟ್, ವೀಸಾದ ಫೋಟೋ ಮುಂಚೆಯೇ ತರಿಸಿಟ್ಟುಕೊಳ್ಳಿ. ದುಡ್ಡು ತೆಗೆದುಕೊಳ್ಳದೆ ನೆಂಟರ ಹಾಗೆ ಇರಿಸಿಕೊಂಡರೂ ಇದು ತಪ್ಪಿದ್ದಲ್ಲ. ಮಗನಿಗೆ ಹೇಳಿ, ಅಲ್ಲಿಂದಲೇ ವಿವರ ಕಳಿಸಲಿ.

ಗೋಕುಲಂನಿಂದ

ನಮ್ಮ ಬೀದಿಯಲ್ಲಿ ಯೋಗ ಕಲಿಯಲು ಬರುವವರದ್ದೇ ಓಡಾಟ. ಪಟ್ಟಾಭಿ ಜೋಯಿಸರ ಶಾಲೆ ಲಕ್ಷ್ಮೀಪುರಂನಿಂದ ಇಲ್ಲಿಗೆ ಬಂದಾಗಿನಿಂದ ನಾವು ಮಹಡಿ ಮನೆ ಬಾಡಿಗೆಗೆ ಕೊಡುತ್ತಿದ್ದೇವೆ. ಅಷ್ಟಾಂಗ ಪದ್ಧತಿಯವರು ಅಮಾವಾಸ್ಯೆ, ಹುಣ್ಣಿಮೆಗೆ ಅಭ್ಯಾಸ ಮಾಡುವುದಿಲ್ಲ, ಹಾಗಾಗಿ ತಿಂಗಳಾನುಗಟ್ಟಲೆ ಇದ್ದವರು ನಮಗಿಂತ ಮುಂಚೆ ಅಮಾವಾಸ್ಯೆ ಯಾವಾಗ ಅಂತ ಹೇಳುತ್ತಾರೆ. ನಿಮ್ಮವರು ಹೊಸಬರು, ಅವರಿಗೆ ಕೆಲವು ಸಣ್ಣ ವಿಷಯಗಳನ್ನು ಮೊದಲ ರಾತ್ರಿಯೇ ತಿಳಿಸಿಬಿಡಿ.

ಬೆಳಗಿನ ಜಾವ ದೇವಸ್ಥಾನದ ಸುಪ್ರಭಾತ, ಮಸೀದಿಯ ಆಜಾನ್, ನಾಯಿ ಬೊಗಳುವುದು, ಹಾಲಿನವರು, ಆಮೇಲೆ ಕಸದ ಗಾಡಿಯ ಹಾಡು, ಇವೆಲ್ಲ ಇರುತ್ತೆ ಅಂತ ಹೇಳಿ. ಗೊತ್ತಿಲ್ಲದೆ ಎದ್ದು ಕೂತರೆ ಗಾಬರಿ, ಗೊತ್ತಿದ್ದರೆ ಅದನ್ನೇ ಕೇಳಲು ಬಾಲ್ಕನಿಗೆ ಬರುತ್ತಾರೆ. ಗೀಸರ್ ಸ್ವಿಚ್ ಎಲ್ಲಿ, ಬಕೆಟ್ಟಿಗೆ ಬಿಸಿನೀರು ತಣ್ಣೀರು ಹೇಗೆ ಬೆರೆಸಬೇಕು, ಕುಡಿಯುವ ನೀರು ಯಾವ ನಲ್ಲಿಯದು, ಇದನ್ನು ಕೈಯಿಂದ ಮಾಡಿ ತೋರಿಸಿ. ಸಂಕೋಚಕ್ಕೆ ಅವರಾಗಿ ಕೇಳುವುದಿಲ್ಲ.

ಊಟದ ವಿಷಯ: ಮೊದಲೆರಡು ದಿನ ಇಡ್ಲಿ, ಖಾರ ಕಡಿಮೆ ಇರುವ ಸಾರು, ಮೊಸರನ್ನ. ಹುಳಿ, ಗೊಜ್ಜು, ರಾಗಿ ಮುದ್ದೆ ಆಮೇಲೆ. ಬಡಿಸುತ್ತಾ ಇನ್ನೊಂದು, ಇನ್ನೊಂದು ಅಂತ ಒತ್ತಾಯ ಮಾಡಬೇಡಿ. ತಟ್ಟೆಯಲ್ಲಿ ಬಿಡುವುದು ಅವಮಾನ ಅಂತ ತಿಳಿದು ಹಾಕಿದ್ದಷ್ಟನ್ನೂ ತಿಂದು ಹೊಟ್ಟೆ ಕೆಡಿಸಿಕೊಳ್ಳುವವರನ್ನು ಬಹಳ ನೋಡಿದ್ದೇನೆ.

ಇನ್ನೊಂದು, ಇದನ್ನು ನಮ್ಮವರು ಮರೆಯುತ್ತಾರೆ. ಮಧ್ಯಾಹ್ನ ಒಂದಷ್ಟು ಹೊತ್ತು ಅವರನ್ನು ಅವರ ಪಾಡಿಗೆ ಬಿಡಿ. ಬಾಗಿಲು ಹಾಕಿಕೊಂಡರೆ ಬೇಸರವಾಯಿತೇನೋ ಅಂತ ತಟ್ಟಬೇಡಿ. ನಮಗೆ ನೆಂಟರನ್ನು ಒಂಟಿಯಾಗಿ ಬಿಟ್ಟರೆ ಅಸಡ್ಡೆ ಅನಿಸುತ್ತೆ, ಅವರಿಗೆ ಒಂದು ಗಳಿಗೆಯೂ ಒಂಟಿಯಾಗಿ ಬಿಡದಿದ್ದರೆ ಉಸಿರು ಕಟ್ಟುತ್ತೆ. ಒಂದು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಅವರಿಬ್ಬರನ್ನೇ ಕಳಿಸಿ. ಏರಿಯ ಮೇಲೆ ನಡೆಯುವ ಅರ್ಧ ಮೈಸೂರು ಅಲ್ಲೇ ಸಿಗುತ್ತೆ. ಯಾವ ದೇಶ, ಮಕ್ಕಳೆಷ್ಟು, ಸಂಬಳ ಎಷ್ಟು ಅಂತ ಜನ ಕೇಳುತ್ತಾರೆ, ಅದು ನಮ್ಮಲ್ಲಿ ಪ್ರೀತಿಯಿಂದಲೇ ಕೇಳುವುದು, ಇಷ್ಟವಿಲ್ಲದಿದ್ದರೆ ನಕ್ಕು ಮುಂದೆ ಹೋಗಬಹುದು ಅಂತ ಮೊದಲೇ ಹೇಳಿಟ್ಟಿರಿ.

ಕೃಷ್ಣಮೂರ್ತಿಪುರಂನಿಂದ

ನಿಮ್ಮ ಅತ್ತೆಯವರ ಮಡಿ ಬಗ್ಗೆ ಯೋಚನೆ ಬೇಡ ಅಕ್ಕ. ಪೂಜೆ ಮುಗಿಯುವವರೆಗೆ ಅಡುಗೆಮನೆಗೆ ನಾವೂ ಹೋಗುವುದಿಲ್ಲ ಅಂತ ಹೇಳಿ, ಅಷ್ಟೆ. ಅವರನ್ನು ಮಾತ್ರ ಹೊರಗಿಟ್ಟಿದ್ದಲ್ಲ ಅಂತ ಗೊತ್ತಾದರೆ ಸಾಕು. ನಮ್ಮನೆಗೆ ಬಂದಿದ್ದ ಫ್ರೆಂಚ್ ಹುಡುಗಿ ಧನುರ್ಮಾಸದಲ್ಲಿ ಐದು ಗಂಟೆಗೆ ಎದ್ದು, ತಲೆಗೆ ಸ್ನಾನ ಮಾಡಿ ನಮ್ಮಮ್ಮನ ಜೊತೆ ದೇವಸ್ಥಾನಕ್ಕೆ ಹೊರಟು ನಿಂತಿರುತ್ತಿದ್ದಳು. ದೊನ್ನೆಯಲ್ಲಿ ಕೊಡುವ ಬಿಸಿ ಹುಗ್ಗಿಗೆ ಸಾಲಿನಲ್ಲಿ ನಿಲ್ಲುವುದು ಅವಳಿಗೆ ಎಲ್ಲಕ್ಕಿಂತ ಇಷ್ಟವಾಗಿತ್ತು.

ಕಷ್ಟದ ಪ್ರಶ್ನೆಗಳಿಗೆ ಸಿದ್ಧರಾಗಿರಿ. ಅದೇ ಹುಡುಗಿ ನಮ್ಮ ಬಳಗದ ಒಂದು ಮನೆಗೆ ಹೋದಾಗ, ಕೆಲಸದಾಕೆಗೆ ಹಿತ್ತಲಿನಲ್ಲಿ ಬೇರೆ ಲೋಟದಲ್ಲಿ ಕಾಫಿ ಕೊಟ್ಟದ್ದನ್ನು ನೋಡಿದಳು. ದಾರಿಯಲ್ಲಿ ಯಾಕೆ ಅಂತ ಕೇಳಿದಳು. ಶುಚಿತ್ವಕ್ಕೆ ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇದು ಜಾತಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ ದಶಕಗಳಾಗಿವೆ, ಆದರೂ ಎಷ್ಟೋ ಮನೆಗಳ ಒಳಗೆ ಲೋಟ ಬೇರೆಯೇ ಇದೆ. ನಮ್ಮ ಮನೆಯಲ್ಲಿ ಯಾಕಿಲ್ಲ, ಅದನ್ನು ತೆಗೆಯಲು ನಮ್ಮಮ್ಮ ತಮ್ಮ ಅತ್ತೆಯ ಜೊತೆ ಎಷ್ಟು ಗುದ್ದಾಡಿದರು ಅನ್ನುವುದನ್ನೂ ಹೇಳಿದೆ. ಅಂದಿನಿಂದ ಅವಳು ನಮ್ಮ ಜೊತೆ ಮಾತಾಡುವ ರೀತಿಯೇ ಬದಲಾಯಿತು, ತನ್ನ ದೇಶದಲ್ಲಿ ವಲಸೆ ಬಂದವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅಂತ ಅವಳೂ ಮನಸ್ಸು ಬಿಚ್ಚಿದಳು. ದೇಶದ ಮಾನ ಕಾಪಾಡಬೇಕು ಅಂತ ಸುಳ್ಳು ಹೇಳಬೇಡಿ. ಹಾಗೇ, ಭಾರತದಲ್ಲಿ ಹೀಗೆ ಅಂತಲೂ ಹೇಳಬೇಡಿ. ನಮ್ಮ ಬೀದಿಯಲ್ಲಿ ಹೀಗೆ, ನಮ್ಮ ಮನೆಯಲ್ಲಿ ಹೀಗೆ ಅನ್ನಿ. ನಮಗೆ ಗೊತ್ತಿರುವುದು ಅಷ್ಟೇ ತಾನೆ.

ನಂಜನಗೂಡು ತಾಲ್ಲೂಕಿನಿಂದ, ಸರ್ಕಾರಿ ಶಾಲೆಯ ಮೇಷ್ಟ್ರು

ಬಂದವರನ್ನು ಹಳ್ಳಿ ಶಾಲೆಗೆ ಕರೆದುಕೊಂಡು ಬರುವವರು ಇದ್ದಾರೆ. ಬನ್ನಿ, ಸಂತೋಷ. ಮುಖ್ಯ ಶಿಕ್ಷಕರಿಗೆ ಮುಂಚೆ ತಿಳಿಸಿ ಅನುಮತಿ ತೆಗೆದುಕೊಳ್ಳಿ. ಚಾಕೊಲೇಟು, ಪೆನ್ನು ಹಂಚಬೇಡಿ. ಹಂಚಿದ ಮರುದಿನದಿಂದ ಹೊರಗಿನ ಯಾರು ಬಂದರೂ ಮಕ್ಕಳು ಕೈ ಚಾಚುತ್ತಾರೆ, ಅದನ್ನು ಬಿಡಿಸಲು ನಮಗೆ ತಿಂಗಳು ಬೇಕು. ಮಕ್ಕಳ ಫೋಟೋ ತಂದೆ ತಾಯಿಯನ್ನು ಕೇಳದೆ ಎಲ್ಲೂ ಹಾಕಬಾರದು. ಅಕ್ಷರ ದಾಸೋಹದ ಬಿಸಿಯೂಟದ ಹೊತ್ತಿಗೆ ಬಂದರೆ ಸಾಲಿನಲ್ಲೇ ಕೂತು ಉಣ್ಣಲಿ. ಮಕ್ಕಳಿಗೆ ಪ್ರಶ್ನೆ ಕೇಳಲು ಬಿಡಿ. ನಿಮ್ಮೂರಲ್ಲಿ ಹಸು ಇದೆಯಾ, ಮಳೆ ಬಂದರೆ ಶಾಲೆಗೆ ರಜಾನಾ ಅಂತ ನಮ್ಮ ಮಕ್ಕಳು ಕೇಳಿದ್ದಕ್ಕೆ ಒಬ್ಬರು ಬೋರ್ಡಿನ ಮೇಲೆ ತಮ್ಮ ಊರಿನ ಚಿತ್ರ ಬರೆದು ತೋರಿಸಿದರು. ಆ ಪೀರಿಯಡ್ ಮುಗಿದರೂ ಯಾವ ಮಗುವೂ ಏಳಲಿಲ್ಲ.

ಮಾನಸಗಂಗೋತ್ರಿ ಹತ್ತಿರದಿಂದ

ಎಲ್ಲರ ಮಾತೂ ಚೆನ್ನಾಗಿದೆ. ನನ್ನದೊಂದು ಕೇಳಿಕೆ ಇದೆ. ವಿದೇಶಿ ನೆಂಟರು ಅಂದಾಗ ನಮ್ಮ ಕಣ್ಣಿಗೆ ಬರುವುದು ಯುರೋಪು, ಅಮೆರಿಕದವರು. ನಮ್ಮ ವಿಶ್ವವಿದ್ಯಾನಿಲಯಕ್ಕೆ ಆಫ್ರಿಕಾದಿಂದ, ಪಶ್ಚಿಮ ಏಷ್ಯಾದಿಂದ ಓದಲು ಬಂದ ಮಕ್ಕಳು ನಮ್ಮ ಪಕ್ಕದ ಬೀದಿಯಲ್ಲೇ ಇದ್ದಾರೆ. ವರ್ಷಗಟ್ಟಲೆ ಇದ್ದು, ಕೋರ್ಸ್ ಮುಗಿಸಿ, ಒಂದು ಮೈಸೂರಿನ ಮನೆಯ ಒಳಗೂ ಕಾಲಿಡದೆ ವಾಪಸ್ ಹೋಗುತ್ತಾರೆ. ಬಾಡಿಗೆ ಮನೆ ಕೇಳಿಕೊಂಡು ಹೋದಾಗ ಬಣ್ಣ ನೋಡಿಯೇ ಇಲ್ಲ ಅನ್ನಿಸಿಕೊಂಡವರಿದ್ದಾರೆ. ಇದು ನನಗೆ ತುಂಬ ನೋವಿನ ವಿಷಯ.

ನಮ್ಮ ಎದುರು ಮನೆಯ ಮಹಡಿಯಲ್ಲಿದ್ದ ಟಾಂಜಾನಿಯಾದ ಹುಡುಗನನ್ನು ಒಂದು ಯುಗಾದಿಗೆ ಊಟಕ್ಕೆ ಕರೆದೆವು. ಅವರ ಮನೆಯಲ್ಲೂ ಚಪಾತಿ ಮಾಡುತ್ತಾರಂತೆ, ತೆಂಗಿನ ಹಾಲಿನಲ್ಲಿ ಅನ್ನ ಮಾಡುತ್ತಾರಂತೆ. ಮುಂದಿನ ಭಾನುವಾರ ಅವನೇ ಬಂದು ನಮ್ಮ ಒಲೆಯ ಮೇಲೆ ಆ ಅನ್ನ ಮಾಡಿದ. ನಮ್ಮ ತಂದೆ ಅವನ ಜೊತೆ ಕೂತು ಅವರ ಸ್ವಾತಂತ್ರ್ಯದ ಕಥೆ, ನಮ್ಮ ಸ್ವಾತಂತ್ರ್ಯದ ಕಥೆ ಎರಡನ್ನೂ ಹೇಳಿ ಕೇಳಿಕೊಂಡರು. ಅಮ್ಮಾ, ನಿಮ್ಮ ಜರ್ಮನಿಯ ನೆಂಟರು ಬಂದಾಗ ಎಳ್ಳು ಬೀರುವ ದಿನ ಇಂಥ ಒಬ್ಬಿಬ್ಬರು ವಿದ್ಯಾರ್ಥಿಗಳನ್ನೂ ಕರೆಯಿರಿ. ಖರ್ಚೇನೂ ಆಗುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಬಹಳ ಧನ್ಯವಾದ. ಅತ್ತೆಯವರಿಗೆ ಓದಿ ಹೇಳಿದೆ. ಎಳ್ಳು ಬೆಲ್ಲದ ಕೆಲಸ ನಾನೇ ಹೇಳಿಕೊಡ್ತೀನಿ, ನೀನು ನಡುವೆ ಬಾಯಿ ಹಾಕಬೇಡ ಅಂದರು. ವಿದ್ಯಾರ್ಥಿಗಳನ್ನು ಖಂಡಿತ ಕರೆಯುತ್ತೇವೆ. ಎರಡೇ ಪ್ರಶ್ನೆ ಉಳಿದಿದೆ. ಕಿಚ್ಚು ಹಾಯಿಸುವುದನ್ನು ನೋಡಲು ಕರೆದುಕೊಂಡು ಹೋಗಬಹುದಾ? ಹೊರಡುವಾಗ ಏನು ಕೊಡಲಿ?

ಸರಸ್ವತಿಪುರಂನಿಂದ

ಧಾರಾಳವಾಗಿ ಹೋಗಿ. ಬೆಂಗಳೂರು ರಸ್ತೆಯ ಸಿದ್ದಲಿಂಗಪುರ ಹತ್ತಿರವೇ ಇದೆ. ಮುಸ್ಸಂಜೆಗೆ ಹುಲ್ಲಿಗೆ ಬೆಂಕಿ ಹಾಕಿ ದನ ಓಡಿಸುತ್ತಾರೆ, ಜನ ಕಿಕ್ಕಿರಿದಿರುತ್ತೆ. ಬೆಳಕಿರುವಾಗಲೇ ಹೋಗಿ, ಹಸುಗಳ ಮೈ ತೊಳೆದು, ಅರಿಸಿನ ಹಚ್ಚಿ, ಕೊಂಬಿಗೆ ಸಿಂಗಾರ ಮಾಡುವುದನ್ನು ಮಾಲೀಕರ ಜೊತೆ ಮಾತಾಡಿಸುತ್ತಾ ತೋರಿಸಿ. ಬೆಂಕಿ ಹತ್ತಿದ ಮೇಲೆ ದನ ಓಡಿ ಬರುವ ದಿಕ್ಕಿನಲ್ಲಿ ನಿಲ್ಲಬೇಡಿ, ಪಕ್ಕದಲ್ಲಿ, ಸ್ವಲ್ಪ ಎತ್ತರದ ಜಾಗ ನೋಡಿಕೊಳ್ಳಿ. ಕ್ಯಾಮೆರಾದ ಫ್ಲಾಶ್ ಬೇಡ, ದನ ಬೆದರುತ್ತವೆ. ಪ್ರಾಣಿಗಳಿಗೆ ಹಿಂಸೆ ಅಲ್ಲವೇ ಅಂತ ಅವರು ಕೇಳಬಹುದು, ಆ ಪ್ರಶ್ನೆಯನ್ನು ಅಲ್ಲಿನ ರೈತರಿಗೇ ಕೇಳಿಸಿ, ಉತ್ತರ ಅವರ ಬಾಯಿಂದಲೇ ಬರಲಿ.

ಕೊಡುವುದಕ್ಕೆ ಮೈಸೂರು ಸ್ಯಾಂಡಲ್ ಸೋಪು, ಊದುಬತ್ತಿ, ಬೀಟೆ ಮರದ ಕೆತ್ತನೆಯ ಸಣ್ಣ ಪೆಟ್ಟಿಗೆ ಚೆನ್ನಾಗಿರುತ್ತೆ. ಎಳ್ಳು ಬೆಲ್ಲ ಇಲ್ಲೇ ತಿನ್ನಲಿ, ಇಡೀ ಕೊಬ್ಬರಿ ಬಟ್ಟಲು ಲಗೇಜಿನಲ್ಲಿ ಹಾಕಿ ಕಳಿಸಬೇಡಿ, ಬೇಗ ಬೆಂಕಿ ಹತ್ತುವ ವಸ್ತು ಅಂತ ವಿಮಾನದಲ್ಲಿ ಬಿಡುವುದಿಲ್ಲ. ಹಸಿ ಹಣ್ಣು, ಬಿತ್ತನೆ ಬೀಜವೂ ಬೇಡ. ಆಕೆಗೆ ಅರಿಸಿನ ಕುಂಕುಮದ ಜೊತೆ ಬಟ್ಟೆ ಕೊಡುವ ಯೋಚನೆ ಇದ್ದರೆ ಹೊರಡುವ ದಿನದವರೆಗೆ ಕಾಯಬೇಡಿ. ಬಂದ ಎರಡನೇ ದಿನವೇ ಕೊಟ್ಟು, ನಿಮ್ಮ ಬೀದಿಯ ಟೈಲರ್ ಹತ್ತಿರ ಅಳತೆ ಕೊಡಿಸಿ. ಹಬ್ಬದ ವಾರದಲ್ಲಿ ಅವರು ಹೊಸ ಬಟ್ಟೆ ಹಿಡಿಯುವುದಿಲ್ಲ, ಈಗಲೇ ಒಂದು ಮಾತು ಹೇಳಿಟ್ಟಿರಿ.